ಓದುಗರ ಪ್ರಶ್ನೆ, ನಮ್ಮ ಉತ್ತರ: ಬೀದಿಯ ಹಿರಿಯರೂ ಬೆಳೆಯುವ ಮಕ್ಕಳೂ

ನಗರದಲ್ಲಿ ಬೆಳೆಯುವ ಹದಿಹರೆಯದವರಿಗೆ ಅಪ್ಪ ಅಮ್ಮಂದಿರ ಆಚೆಗೂ ದೊಡ್ಡವರ ಆಸರೆ ಸಿಗುವುದರಲ್ಲಿ ಅವರು ವಾಸಿಸುವ ಬೀದಿ, ಬಡಾವಣೆಗಳ ಪಾಲು ಎಷ್ಟು ಎಂಬ ವಿಷಯವಾಗಿ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ಮೂರು ದಶಕಗಳಿಂದ ಒಂದೇ ಅಡ್ಡರಸ್ತೆಯಲ್ಲಿ ವಾಸವಾಗಿದ್ದೇನೆ. ಹಿಂದೆ ನಮ್ಮ ರಸ್ತೆಯಲ್ಲಿ ಯಾರ ಮನೆಯ ಹುಡುಗ ಶಾಲೆ ತಪ್ಪಿಸಿ ಅಲೆದರೂ ಯಾರಾದರೊಬ್ಬರು ಗದರಿಸುತ್ತಿದ್ದರು. ಪರೀಕ್ಷೆ ಹತ್ತಿರ ಬಂದರೆ ಯಾವುದಾದರೂ ಮನೆಯ ಪಡಸಾಲೆಯಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಿದ್ದರು. ಈಗ ಸಂಜೆಯಾದರೆ ಏಳೆಂಟು ಹುಡುಗರು ಬೇಕರಿಯ ಪಕ್ಕದ ಕಲ್ಲುಬೆಂಚಿನ ಮೇಲೆ, ಬೈಕುಗಳ ಮೇಲೆ ಕೂತು ರಾತ್ರಿ ಹತ್ತರವರೆಗೂ ಮೊಬೈಲು ನೋಡುತ್ತಿರುತ್ತಾರೆ. ಅವರನ್ನು ಯಾರೂ ಮಾತನಾಡಿಸುವುದಿಲ್ಲ. ನಿವಾಸಿಗಳ ಸಂಘದವರು ಬೆಂಚನ್ನು ಕೀಳಿಸಿ, ಸಿಸಿಟಿವಿ ಹಾಕಿಸಬೇಕೆಂದು ಹೊರಟಿದ್ದಾರೆ. ಜನರಲ್ಲಿ ಮೊದಲಿನ ಕಾಳಜಿ ಉಳಿದಿಲ್ಲವೇ? ನಾನೊಬ್ಬಳು ಏನು ಮಾಡಬಹುದು?
ಹೆಸರು ಬೇಡ, ರಾಜಾಜಿನಗರ, ಬೆಂಗಳೂರು

ಉತ್ತರ: ನಿಮ್ಮ ರಸ್ತೆಯ ಜನರನ್ನು ದೂರುವ ಮೊದಲು ರಸ್ತೆಯನ್ನೇ ಒಮ್ಮೆ ನೋಡೋಣ. ಮೂರು ದಶಕಗಳ ಹಿಂದೆ ರಾಜಾಜಿನಗರದಂತಹ ಬಡಾವಣೆಯಲ್ಲಿ ಒಂದು ಸೈಟಿಗೆ ಒಂದು ಮನೆ, ಮುಂದೆ ಎದೆಮಟ್ಟದ ಕಾಂಪೌಂಡು, ಬಾಗಿಲ ಪಕ್ಕದಲ್ಲಿ ಕೂರಲು ಒಂದು ಕಟ್ಟೆ ಇರುವುದು ಸಾಮಾನ್ಯವಾಗಿತ್ತು. ಅಕ್ಕಿ ಆರಿಸುವವರು, ಹೂ ಕಟ್ಟುವವರು, ಪತ್ರಿಕೆ ಓದುವವರು ರಸ್ತೆಗೆ ಕಾಣುವಂತೆ ಕೂತಿರುತ್ತಿದ್ದರು. ಹುಡುಗರನ್ನು ಕಾಯಬೇಕೆಂದು ಅವರಾರೂ ಅಲ್ಲಿ ಕೂತಿರಲಿಲ್ಲ. ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಳ್ಳುತ್ತಿದ್ದವರ ಕಣ್ಣಿಗೆ ಹುಡುಗರು ದಿನವೂ ಬೀಳುತ್ತಿದ್ದರು, ಅಷ್ಟೆ. ಇಂದು ಅದೇ ಮೂವತ್ತು–ನಲವತ್ತರ ಸೈಟಿನಲ್ಲಿ ಮೂರು, ನಾಲ್ಕು ಅಂತಸ್ತುಗಳು ಎದ್ದಿವೆ. ನೆಲಮಹಡಿ ಕಾರು ನಿಲ್ಲಿಸುವ ಜಾಗವಾಗಿದೆ, ಗೇಟಿಗೆ ಒಳಗೇನೂ ಕಾಣದಂತೆ ತಗಡು ಹೊಡೆಸಲಾಗಿದೆ, ಮನುಷ್ಯರು ವಾಸಿಸುವುದು ಒಂದನೆಯ ಮಹಡಿಯಿಂದ ಮೇಲಕ್ಕೆ. ಅಲ್ಲಿನ ಬಾಲ್ಕನಿಗೆ ಪಾರಿವಾಳದ ಬಲೆ ಕಟ್ಟಿದೆ. ಅಲ್ಲಿ ನಿಂತು ನೋಡಿದರೆ ಬೆಂಚಿನ ಮೇಲೆ ಕೂತ ಹುಡುಗರ ತಲೆಗಳು ಕಂಡಾವೇ ಹೊರತು ಮುಖಗಳು ಕಾಣುವುದಿಲ್ಲ. ಮುಖ ಕಾಣದವನ ಹೆಸರು ತಿಳಿಯುವುದಾದರೂ ಹೇಗೆ, ಹೆಸರು ತಿಳಿಯದವನನ್ನು ಗದರಿಸುವ ಅಥವಾ ಮನೆಯೊಳಗೆ ಕರೆಯುವ ಸಲಿಗೆ ಯಾರಿಗೆ ತಾನೇ ಬಂದೀತು?

ಇದಕ್ಕೆ ಎರಡನೆಯ ಕಾರಣ ವಾಹನಗಳು. ಅಮೆರಿಕದ ಸ್ಯಾನ್‌ ಫ್ರಾನ್ಸಿಸ್ಕೋ ನಗರದಲ್ಲಿ ಡೊನಾಲ್ಡ್‌ ಆಪಲ್‌ಯಾರ್ಡ್‌ ಎಂಬ ನಗರ ವಿನ್ಯಾಸದ ಪ್ರಾಧ್ಯಾಪಕರು 1960ರ ದಶಕದ ಕೊನೆಯಲ್ಲಿ ಮೂರು ಬೀದಿಗಳನ್ನು ಹೋಲಿಸಿ ನೋಡಿದರು. ಮೂರೂ ನೋಡಲು ಹೆಚ್ಚುಕಡಿಮೆ ಒಂದೇ ಬಗೆಯವು. ಒಂದರಲ್ಲಿ ದಿನಕ್ಕೆ ಸುಮಾರು 2,000 ವಾಹನಗಳು ಓಡಾಡುತ್ತಿದ್ದವು, ಇನ್ನೊಂದರಲ್ಲಿ 8,000, ಮೂರನೆಯದರಲ್ಲಿ 16,000. ವಾಹನ ಕಡಿಮೆಯಿದ್ದ ಬೀದಿಯ ನಿವಾಸಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರೂ ಆರಕ್ಕಿಂತ ಹೆಚ್ಚು ಪರಿಚಿತರೂ ಇದ್ದರು. ವಾಹನ ಹೆಚ್ಚಿದ್ದ ಬೀದಿಯಲ್ಲಿ ಸ್ನೇಹಿತರ ಸರಾಸರಿ ಒಂದಕ್ಕಿಂತ ಕೆಳಗಿಳಿದಿತ್ತು, ಪರಿಚಿತರ ಸಂಖ್ಯೆ ಅರ್ಧಕ್ಕೆ ಇಳಿದಿತ್ತು. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಇಂದು ಒಂದು ಕೋಟಿಯನ್ನು ದಾಟಿದೆ. ಮುಖ್ಯರಸ್ತೆಯ ಸಿಗ್ನಲ್ಲು ತಪ್ಪಿಸಿಕೊಳ್ಳಲು ಅಡ್ಡರಸ್ತೆಗಳಲ್ಲಿ ನುಗ್ಗುವ ಬೈಕು, ಕಾರುಗಳು ನಿಮ್ಮ ರಸ್ತೆಯಿಂದ ಕ್ರಿಕೆಟ್ಟನ್ನೂ ಕುಂಟಾಬಿಲ್ಲೆಯನ್ನೂ ಯಾವತ್ತೋ ಓಡಿಸಿರುತ್ತವೆ. ಆಟ ಹೋದ ಮೇಲೆ ಆಟ ನೋಡುತ್ತಾ ಗೇಟಿನ ಬಳಿ ನಿಲ್ಲುತ್ತಿದ್ದ ಹಿರಿಯರಿಗೂ ಅಲ್ಲಿ ನಿಲ್ಲಲು ಕಾರಣ ಉಳಿಯುವುದಿಲ್ಲ.

ಮೂರನೆಯದು ಬಾಡಿಗೆಯ ಪದ್ಧತಿ, ಇದರ ಬಗ್ಗೆ ನಾವು ಸಾಕಷ್ಟು ಯೋಚಿಸಿಲ್ಲ. ಹನ್ನೊಂದು ತಿಂಗಳ ಕರಾರಿನ ಮೇಲೆ ಬಂದ ಕುಟುಂಬ ಪ್ರತಿ ವರ್ಷ ಬಾಡಿಗೆ ಏರಿದಾಗಲೂ ಮನೆ ಬದಲಿಸುವ ಲೆಕ್ಕ ಹಾಕುತ್ತಿರುತ್ತದೆ. ಅವರ ಮಗಳು ಒಂಬತ್ತನೆಯ ತರಗತಿಯಲ್ಲಿ ಒಂದು ರಸ್ತೆ, ಹತ್ತರಲ್ಲಿ ಇನ್ನೊಂದು ರಸ್ತೆ ಎಂದು ಓಡಾಡಿದರೆ ಅವಳನ್ನು ಎರಡೂ ಕಡೆ ಯಾರೂ ಗುರುತಿಸಲಾರರು. ಶಿಕಾಗೋ ನಗರದಲ್ಲಿ 1995ರಲ್ಲಿ 343 ನೆರೆಹೊರೆಗಳ 8,782 ಮಂದಿಯನ್ನು ಮಾತನಾಡಿಸಿ ರಾಬರ್ಟ್‌ ಸ್ಯಾಂಪ್ಸನ್‌ ಮತ್ತು ಸಂಗಡಿಗರು ನಡೆಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಅದರಲ್ಲಿ ಕೇಳಿದ ಪ್ರಶ್ನೆಗಳು ನಿಮ್ಮ ಪತ್ರದಲ್ಲಿರುವಂಥವೇ: ಮಕ್ಕಳು ಶಾಲೆ ತಪ್ಪಿಸಿ ಬೀದಿಯ ಮೂಲೆಯಲ್ಲಿ ನಿಂತಿದ್ದರೆ ನಿಮ್ಮ ನೆರೆಯವರು ಏನಾದರೂ ಮಾಡುವರೇ? ಹಿರಿಯರಿಗೆ ಅಗೌರವ ತೋರಿದರೆ ತಿದ್ದುವರೇ? ಇಲ್ಲಿನ ಜನರನ್ನು ನಂಬಬಹುದೇ? 1997ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಡತನದ ಪ್ರಭಾವವನ್ನು ಲೆಕ್ಕದಿಂದ ಬೇರ್ಪಡಿಸಿದ ಮೇಲೂ ಪರಸ್ಪರ ನಂಬಿಕೆ ಮತ್ತು ಇಂತಹ ಸಂದರ್ಭದಲ್ಲಿ ಮುಂದೆ ಬರುವ ಮನಸ್ಸು ಹೆಚ್ಚಿದ್ದ ನೆರೆಹೊರೆಗಳಲ್ಲಿ ಹಿಂಸೆ ಕಡಿಮೆಯಿತ್ತು. ಜನ ಬಹುಕಾಲ ಒಂದೇ ಕಡೆ ನೆಲೆಸಿದ್ದಲ್ಲಿ ಆ ನಂಬಿಕೆ ಹೆಚ್ಚಿತ್ತು. ಕಾಳಜಿ ಎಂಬುದು ಒಬ್ಬೊಬ್ಬರ ಎದೆಯೊಳಗೆ ಮಾತ್ರ ಇರುವಂಥದ್ದಲ್ಲ, ಅದು ಜಾಗಕ್ಕೂ ಸೇರಿದ್ದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಆದ್ದರಿಂದ ನಿಮ್ಮ ಸಂಘದ ಸಭೆಯಲ್ಲಿ ನೀವು ಗಟ್ಟಿಯಾಗಿ ಹೇಳಬೇಕಾದ ಮೊದಲ ಮಾತು, ಬೆಂಚನ್ನು ಕೀಳಬಾರದು ಎಂಬುದು. ಆ ರಸ್ತೆಯಲ್ಲಿ ಹುಡುಗರೂ ಹಿರಿಯರೂ ಒಂದೇ ಎತ್ತರದಲ್ಲಿ ಎದುರುಬದುರಾಗುವ ಕೊನೆಯ ಜಾಗ ಅದೇ ಇರಬಹುದು. ಅದನ್ನು ತೆಗೆದರೆ ಹುಡುಗರು ಮಾಯವಾಗುವುದಿಲ್ಲ. ನಿಮ್ಮ ಕಣ್ಣಿಗೆ ಬೀಳದ ಖಾಲಿ ಸೈಟಿಗೋ ಅರ್ಧಕ್ಕೆ ನಿಂತ ಕಟ್ಟಡಕ್ಕೋ ಹೋಗುತ್ತಾರೆ. ಸಿಸಿಟಿವಿ ಕಳ್ಳತನವಾದ ಮೇಲೆ ಪೊಲೀಸರಿಗೆ ನೆರವಾದೀತು, ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟು ಮನೆಗೆ ಹೋಗಲು ಅಂಜುತ್ತಿರುವ ಹುಡುಗನನ್ನು ಅದು ಗುರುತಿಸಲಾರದು.

ಎರಡನೆಯದಾಗಿ, ಅವರನ್ನು ಬುದ್ಧಿಮಾತಿನಿಂದ ಮಾತನಾಡಿಸಬೇಡಿ, ಒಂದು ಸಣ್ಣ ಸಹಾಯ ಕೇಳಿ ಮಾತನಾಡಿಸಿ. ಬ್ರೆಡ್ಡು ತರಲು ಹೋದಾಗ, ‘ಆಸ್ಪತ್ರೆಗೆ ಹೋಗಬೇಕು, ಮೊಬೈಲಿನಲ್ಲಿ ಆಟೊ ಬುಕ್‌ ಮಾಡುವುದು ನನಗೆ ಬರುತ್ತಿಲ್ಲ, ಸ್ವಲ್ಪ ಮಾಡಿಕೊಡಪ್ಪ’ ಎನ್ನಿ. ಆಟೊ ಬರುವವರೆಗೆ ಐದು ನಿಮಿಷ ಅವನು ನಿಮ್ಮ ಪಕ್ಕದಲ್ಲಿ ನಿಂತಿರುತ್ತಾನೆ. ಅಷ್ಟರಲ್ಲಿ ಹೆಸರು ತಿಳಿಯುತ್ತದೆ, ಮನೆ ಯಾವುದೆಂದು ತಿಳಿಯುತ್ತದೆ. ಮರುದಿನ ‘ನಿನ್ನೆ ಬೇಗ ತಲುಪಿದೆನಪ್ಪ’ ಎನ್ನಲು ನಿಮಗೊಂದು ಮಾತು ಸಿಗುತ್ತದೆ. ಸಹಾಯ ಮಾಡಿಸಿಕೊಂಡ ಹಿರಿಯರ ಮುಂದೆ ಹದಿನೇಳರ ಹುಡುಗ ಸ್ವಲ್ಪ ಎತ್ತರವಾಗಿ ನಿಲ್ಲುತ್ತಾನೆ. ನಾಳೆ ನೀವು ಒಂದು ಮಾತು ಗದರಿಸಿದರೂ ಅದನ್ನು ಅವನು ಪರಕೀಯರ ಮಾತೆಂದು ತಳ್ಳಿಹಾಕುವುದಿಲ್ಲ.

ಮೂರನೆಯದಾಗಿ, ಗಣೇಶನನ್ನು ಕೂರಿಸುವಾಗ, ಅಣ್ಣಮ್ಮದೇವಿ ಉತ್ಸವದ ಹೊತ್ತಿಗೆ, ನವೆಂಬರಿನ ರಾಜ್ಯೋತ್ಸವಕ್ಕೆ ಇದೇ ಹುಡುಗರು ರಸೀದಿ ಪುಸ್ತಕ ಹಿಡಿದು ನಿಮ್ಮ ಗೇಟಿಗೆ ಬರುತ್ತಾರೆ. ಹೆಚ್ಚಿನವರು ಗೇಟಿನ ಸಂದಿಯಲ್ಲೇ ಚಂದಾ ಕೊಟ್ಟು ಕಳಿಸುತ್ತಾರೆ. ನೀವು ಅವರನ್ನು ಒಳಗೆ ಕರೆದು ಲೆಕ್ಕದ ಪುಸ್ತಕ ಬರೆಯುವುದನ್ನು ಹೇಳಿಕೊಡಬಹುದು, ಉಳಿದ ಹಣದಲ್ಲಿ ರಸ್ತೆಯ ಮಕ್ಕಳಿಗೆ ಏನು ಮಾಡೋಣ ಎಂದು ಕೇಳಬಹುದು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕರಗದ ವೀರಕುಮಾರರನ್ನು ತಯಾರು ಮಾಡುವ ಗರಡಿಮನೆಗಳು ಇಂದಿಗೂ ಇವೆ. ಅಲ್ಲಿನ ಉಸ್ತಾದರು ಹುಡುಗರನ್ನು ಕೂರಿಸಿ ಉಪದೇಶ ಮಾಡುವುದಿಲ್ಲ. ಮಟ್ಟಿಯ ಮೇಲೆ ಜೊತೆಯಲ್ಲಿ ಬೆವರು ಸುರಿಸುತ್ತಾರೆ, ಆ ಜೊತೆಯಿಂದಲೇ ಹೇಳುವ ಅಧಿಕಾರ ಪಡೆಯುತ್ತಾರೆ. ಕರಗದ ದಿನ ಕತ್ತಿ ಹಿಡಿದು ನಡೆಯುವ ಯುವಕನ ಬೆನ್ನಿಗೆ ಅವನ ಪೇಟೆಯ ಎಷ್ಟೋ ಹಿರಿಯರು ಇರುತ್ತಾರೆ. ಕೈಯಲ್ಲೊಂದು ಕೆಲಸವಿದ್ದಾಗ ಹಿರಿಯರು ಕಿರಿಯರ ನಡುವಿನ ಸಂಕೋಚ ತಾನಾಗಿ ಕರಗುತ್ತದೆ ಎಂಬುದನ್ನು ತರಗತಿಯಲ್ಲಿ ದಶಕಗಳನ್ನು ಕಳೆದ ನಿಮಗೆ ನಾನು ವಿವರಿಸಬೇಕಾಗಿಲ್ಲ.

ಪ್ರಶ್ನೆ: ನನಗೆ ಇಪ್ಪತ್ತು ವರ್ಷ, ಬಿಕಾಂ ಓದುತ್ತಿದ್ದೇನೆ. ನಮ್ಮ ಓಣಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಕಾಲೇಜಿನ ಹುಡುಗನೊಬ್ಬ ಬಸ್‌ಸ್ಟ್ಯಾಂಡಿನಲ್ಲಿ ನೋಟ್ಸ್‌ ಕೊಟ್ಟರೆ, ನಾನು ಮನೆ ತಲುಪುವ ಮೊದಲೇ ಅವ್ವನಿಗೆ ಯಾರೋ ಫೋನ್‌ ಮಾಡಿರುತ್ತಾರೆ. ಓಣಿಯ ಹಿರಿಯರು ಮಕ್ಕಳ ಮೇಲೆ ಕಣ್ಣಿಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಆ ಕಣ್ಣಿನಿಂದ ನನಗೆ ಉಸಿರು ಕಟ್ಟಿದಂತಾಗಿದೆ. ಇದನ್ನೂ ಆಸರೆ ಎನ್ನಬೇಕೇ?
ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಅನ್ನಬೇಕಾಗಿಲ್ಲ. ಮೇಲಿನ ಪತ್ರಕ್ಕೆ ಕೊಟ್ಟ ಉತ್ತರದಲ್ಲಿ ನಾನು ಪರಿಚಯದ ಬಲವನ್ನು ಎತ್ತಿ ಹೇಳಿದ್ದೇನೆ. ಅದೇ ಪರಿಚಯ ಹೆಣ್ಣುಮಕ್ಕಳ ಪಾಲಿಗೆ ಎಷ್ಟೋ ಸಲ ಕಾವಲಾಗಿ ಬದಲಾಗುತ್ತದೆ ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಹೇಳದಿದ್ದರೆ ಆ ಉತ್ತರ ಅರ್ಧ ಸತ್ಯವಾಗುತ್ತದೆ. ಅಕ್ಕಪಕ್ಕದ ಗೋಡೆ ಹಂಚಿಕೊಂಡ ಮನೆಗಳು, ಒಂದೇ ನಳದ ನೀರು, ಬಾಗಿಲು ತೆಗೆದರೆ ಎದುರು ಮನೆಯ ಬಾಗಿಲು, ಇವೆಲ್ಲ ಇರುವ ಓಣಿಯಲ್ಲಿ ಯಾರಿಗೆ ಜ್ವರ ಬಂದರೂ ಗಂಜಿ ಬರುತ್ತದೆ, ಯಾರ ಬಗ್ಗೆ ಮಾತು ಹುಟ್ಟಿದರೂ ಅದು ಸಂಜೆಯೊಳಗೆ ಎಲ್ಲರಿಗೂ ಮುಟ್ಟುತ್ತದೆ. ಎರಡೂ ಬರುವುದು ಒಂದೇ ದಾರಿಯಿಂದ.

ಇವೆರಡನ್ನು ಬೇರ್ಪಡಿಸಿ ನೋಡಲು ಒಂದು ದಾರಿ ಇದೆ. ನಿಮ್ಮ ಅವ್ವನಿಗೆ ಫೋನ್‌ ಮಾಡಿದವರು ಎಂದಾದರೂ ನಿಮ್ಮನ್ನೇ ನಿಲ್ಲಿಸಿ, ‘ಓದು ಹೆಂಗ ನಡದದ, ಮುಂದ ಏನ್‌ ಮಾಡ್ತಿ’ ಎಂದು ಕೇಳಿದ್ದಾರೆಯೇ? ಕಾಲೇಜಿನ ಫೀ ಕಟ್ಟಲು ತಡವಾದಾಗ, ಸಂಜೆ ಬಸ್ಸು ತಪ್ಪಿದಾಗ, ದಾರಿಯಲ್ಲಿ ಯಾರಾದರೂ ಕಾಟ ಕೊಟ್ಟಾಗ ಅವರ ಮನೆಯ ಬಾಗಿಲು ಬಡಿಯುವ ಧೈರ್ಯ ನಿಮಗಿದೆಯೇ? ನಿಮ್ಮೊಡನೆ ಮಾತನಾಡದೆ ನಿಮ್ಮ ಬಗ್ಗೆ ಮಾತನಾಡುವವರು ಆಸರೆಯ ಲೆಕ್ಕಕ್ಕೆ ಬರುವುದಿಲ್ಲ. ಶಿಕಾಗೋದ ಅಧ್ಯಯನದಲ್ಲಿಯೂ ಹಿರಿಯರು ಮಧ್ಯೆ ಬರುತ್ತಾರೆಯೇ ಎಂಬುದನ್ನು ಒಂದನ್ನೇ ಅಳೆಯಲಿಲ್ಲ, ನೆರೆಯವರನ್ನು ನಂಬಬಹುದೇ, ಅವರು ಸಹಾಯಕ್ಕೆ ಬರುತ್ತಾರೆಯೇ ಎಂಬುದನ್ನೂ ಜೊತೆಗೆ ಸೇರಿಸಿಯೇ ಅಳೆದರು. ನಂಬಿಕೆಯನ್ನು ತೆಗೆದುಹಾಕಿದರೆ ಉಳಿಯುವುದು ಪಹರೆ.

ಆ ಪಹರೆ ಎಲ್ಲರ ಮೇಲೂ ಒಂದೇ ಸಮ ಬೀಳುವುದೂ ಇಲ್ಲ. ನಮ್ಮ ಊರುಗಳಲ್ಲಿ ಓಣಿ, ಕೇರಿ, ಗಲ್ಲಿಗಳು ಬಹಳಷ್ಟು ಸಲ ಜಾತಿ, ಧರ್ಮಗಳ ಗೆರೆಯ ಮೇಲೆಯೇ ಬೆಳೆದಿವೆ. ತಮ್ಮವರ ಮಗನಾದರೆ ‘ಪಾಪ, ಹುಡುಗಾಟಿಕೆ’ ಎನ್ನುವ ಹಿರಿಯರೇ ಆಚೆ ಕೇರಿಯ ಹುಡುಗ ಅದನ್ನೇ ಮಾಡಿದರೆ ಪೊಲೀಸರಿಗೆ ಹೇಳೋಣ ಎನ್ನುತ್ತಾರೆ. ನಮ್ಮ ಮಕ್ಕಳು ಎಂಬ ಮಾತಿನೊಳಗೆ ಯಾರು ಯಾರು ಬರುತ್ತಾರೆ ಎಂಬುದನ್ನು ನೋಡದೆ ಓಣಿಯ ಒಗ್ಗಟ್ಟನ್ನು ಹೊಗಳುವುದು ನನಗೆ ಸರಿ ಕಾಣುವುದಿಲ್ಲ.

ನಿಮಗೆ ನನ್ನ ಸಲಹೆ ಇಷ್ಟು. ಇಡೀ ಓಣಿಯನ್ನು ಎದುರು ಹಾಕಿಕೊಳ್ಳುವ ಅಗತ್ಯವಿಲ್ಲ, ಇಡೀ ಓಣಿಯ ಒಪ್ಪಿಗೆಯೂ ಬೇಕಾಗಿಲ್ಲ. ಹದಿಹರೆಯದವರ ಬೆಳವಣಿಗೆಯನ್ನು ಅಧ್ಯಯನ ಮಾಡುವ ಅಮೆರಿಕದ ಸರ್ಚ್‌ ಇನ್‌ಸ್ಟಿಟ್ಯೂಟ್‌ ಸಂಸ್ಥೆ, ಯುವಜನರಿಗೆ ಬೇಕಾದ 40 ಆಧಾರಗಳ ಪಟ್ಟಿಯಲ್ಲಿ ತಂದೆ ತಾಯಿಯಲ್ಲದ ಮೂವರು ಅಥವಾ ಅದಕ್ಕಿಂತ ಹೆಚ್ಚು ದೊಡ್ಡವರ ಬೆಂಬಲವನ್ನೂ ಒಂದಾಗಿ ಹೇಳುತ್ತದೆ. ಮೂವರನ್ನು ಹುಡುಕಿಕೊಳ್ಳಿ. ಓಣಿಯಲ್ಲಿ ನೌಕರಿಗೆ ಹೋಗುವ ಅಕ್ಕ ಒಬ್ಬರು, ಕಾಲೇಜಿನ ಉಪನ್ಯಾಸಕಿ ಒಬ್ಬರು, ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆ ಒಬ್ಬರು ಆಗಬಹುದು. ಅವರಲ್ಲಿ ಒಬ್ಬರಿಗೆ ನಿಮ್ಮ ಅವ್ವನ ಪರಿಚಯ ಇದ್ದರೆ ಇನ್ನೂ ಒಳ್ಳೆಯದು. ಫೋನ್‌ ಬಂದಾಗಲೆಲ್ಲ ಅಂಜುವ ಅವ್ವನಿಗೆ ‘ಹುಡುಗಿ ಸರಿ ಇದ್ದಾಳ, ನಾ ನೋಡೀನಿ’ ಎಂದು ಹೇಳುವ ಒಂದು ದನಿ ಬೇಕಾಗಿದೆ. ಅವ್ವನ ಮೇಲೂ ಓಣಿಯ ಕಣ್ಣಿದೆ ಎಂಬುದನ್ನು ನೀವು ಅರಿತಿದ್ದೀರಿ ಎಂದು ನಿಮ್ಮ ಪತ್ರದ ಮಾತಿನ ರೀತಿಯಿಂದಲೇ ನನಗೆ ಅನಿಸಿದೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ಪಾಸಾಗಿದ್ದೇನೆ. ನಾವು ಮೊದಲು ನಗರದ ನಡುವಿನ ಕೊಳೆಗೇರಿಯಲ್ಲಿದ್ದೆವು. ಮೂರು ವರ್ಷದ ಹಿಂದೆ ಊರ ಹೊರಗಿನ ನಾಲ್ಕು ಮಹಡಿಯ ಕಟ್ಟಡದಲ್ಲಿ ಮನೆ ಕೊಟ್ಟರು. ಮನೆ ಗಟ್ಟಿಯಾಗಿದೆ, ಶೌಚಾಲಯ ಇದೆ. ಆದರೆ ಮೊದಲು ಅಮ್ಮ ಮನೆಕೆಲಸ ಮಾಡುತ್ತಿದ್ದ ಮನೆಯ ಆಂಟಿ ನನ್ನ ಅರ್ಜಿಗಳನ್ನು ತುಂಬಿಕೊಡುತ್ತಿದ್ದರು, ಟೈಲರ್‌ ಅಂಕಲ್‌ ಕಾಲೇಜಿನ ವಿಷಯ ಕೇಳಿಕೊಂಡು ಬರುತ್ತಿದ್ದರು. ಇಲ್ಲಿ ಯಾರಿಗೂ ಯಾರೂ ಗೊತ್ತಿಲ್ಲ. ವಿದ್ಯಾರ್ಥಿವೇತನದ ಹಣ ಖಾತೆಗೆ ಬರಲಿಲ್ಲ, ಏಕೆಂದು ಹೇಳುವವರಿಲ್ಲ. ಮುಂದೆ ಯಾವ ಕೋರ್ಸು ಎಂದು ಕೇಳಲೂ ಯಾರಿಲ್ಲ.
ಓದುಗಿ, ಬೆಂಗಳೂರು

ಉತ್ತರ: ನಿಮಗೆ ಮನೆ ಕೊಟ್ಟವರು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದ ನಷ್ಟವನ್ನು ನೀವು ನಾಲ್ಕು ಸಾಲಿನಲ್ಲಿ ಬರೆದಿದ್ದೀರಿ. ಕೊಳೆಗೇರಿಯನ್ನು ತೆರವು ಮಾಡುವಾಗ ಅಧಿಕಾರಿಗಳು ಶೆಡ್ಡುಗಳನ್ನು ಎಣಿಸುತ್ತಾರೆ, ಪಡಿತರ ಚೀಟಿ ನೋಡುತ್ತಾರೆ. ಅಲ್ಲಿನ ಒಬ್ಬ ಹುಡುಗಿಗೆ ಅರ್ಜಿ ತುಂಬಿಕೊಡುವವರು ಯಾರು, ಶಾಲೆಯಿಂದ ಬರುವುದು ತಡವಾದರೆ ಹುಡುಕಲು ಹೋಗುವವರು ಯಾರು ಎಂಬ ಕಲಂ ಯಾವ ಸಮೀಕ್ಷೆಯ ನಮೂನೆಯಲ್ಲೂ ನಾನು ಕಂಡಿಲ್ಲ. 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿ ಜಾಗದಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಒಕ್ಕಲೆಬ್ಬಿಸಿದಾಗ ಬಹಳಷ್ಟು ಮಂದಿ ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಯ ಕಡೆಗೆ ಹೋಗಬೇಕಾಯಿತು. ತಾಯಂದಿರ ಮನೆಕೆಲಸ ಕೋರಮಂಗಲದಲ್ಲಿ, ಮಕ್ಕಳ ಶಾಲೆ ಈಜಿಪುರದಲ್ಲಿ, ಮಲಗುವ ಜಾಗ ಹದಿನೈದು ಕಿಲೋಮೀಟರಿನಷ್ಟು ಆಚೆ. ನಿಮ್ಮ ಕಥೆ ನಿಮ್ಮೊಬ್ಬರದಲ್ಲ.

ಹದಿಹರೆಯದಲ್ಲಿ ಊರು ಬದಲಾದರೆ ಏಕೆ ಇಷ್ಟು ಕಷ್ಟವಾಗುತ್ತದೆ ಎಂಬುದಕ್ಕೆ ಒಂದು ದೊಡ್ಡ ಪ್ರಯೋಗದ ಆಧಾರವಿದೆ. ಅಮೆರಿಕದ ಐದು ನಗರಗಳಲ್ಲಿ 1994ರಿಂದ 1998ರವರೆಗೆ ಸುಮಾರು 4,600 ಬಡ ಕುಟುಂಬಗಳಲ್ಲಿ ಕೆಲವನ್ನು ಚೀಟಿ ಎತ್ತಿ ಆರಿಸಿ, ಬಡತನ ಕಡಿಮೆಯಿರುವ ನೆರೆಹೊರೆಗಳಿಗೆ ಹೋಗಲು ಬಾಡಿಗೆಯ ನೆರವು ಕೊಟ್ಟರು. ಹದಿಮೂರು ವರ್ಷ ತುಂಬುವ ಮೊದಲೇ ಹಾಗೆ ಹೋದ ಮಕ್ಕಳು ದೊಡ್ಡವರಾದ ಮೇಲೆ, ಆ ನೆರವು ಸಿಗದವರಿಗಿಂತ ಸರಾಸರಿ 31% ಹೆಚ್ಚು ಸಂಪಾದಿಸುತ್ತಿದ್ದರು. ಹದಿಮೂರು ದಾಟಿದ ಮೇಲೆ ಹೋದವರಿಗೆ ಆ ಲಾಭ ಕಾಣಿಸಲಿಲ್ಲ. ಇದ್ದ ಸಂಬಂಧಗಳು ಹರಿದುಹೋದ ಪೆಟ್ಟು ಹೊಸ ಜಾಗದ ಅನುಕೂಲವನ್ನು ತಿಂದುಹಾಕಿರಬಹುದು ಎಂಬುದು ಸಂಶೋಧಕರ ಊಹೆ. ಆ ಮಕ್ಕಳು ಹೋದದ್ದಾದರೂ ಉತ್ತಮ ಸೌಕರ್ಯಗಳಿದ್ದ ಕಡೆಗೆ. ನಿಮ್ಮನ್ನು ಕಳಿಸಿದ್ದು ಬಸ್ಸು, ಅಂಗಡಿ, ಕಾಲೇಜು ಎಲ್ಲವೂ ದೂರವಿರುವ ಕಡೆಗೆ, ಅದೂ ಹದಿನೈದರ ಆಸುಪಾಸಿನಲ್ಲಿ. ಹಾಗಾಗಿ ಈಗ ಆಗಿರುವುದು ನಿಮ್ಮ ಕೊರತೆಯಿಂದ ಆದದ್ದಲ್ಲ ಎಂಬುದನ್ನು ದಯವಿಟ್ಟು ಮನಸ್ಸಿಗೆ ತಂದುಕೊಳ್ಳಿ.

ಈಗ ಮಾಡಬೇಕಾದದ್ದು. ಹಳೆಯ ಸಂಬಂಧವನ್ನು ಕಡಿದುಕೊಳ್ಳಬೇಡಿ. 2023ರ ಜೂನ್‌ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ನಿಮಗೂ ನಿಮ್ಮ ಅಮ್ಮನಿಗೂ ನಗರದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಟಿಕೆಟ್ಟಿನ ಹಣ ಒಂದು ಅಡ್ಡಿಯಾಗದೆ ಹೋದದ್ದು ನಿಮ್ಮಂತಹ ಹುಡುಗಿಯರಿಗೆ ಎಷ್ಟು ದೊಡ್ಡ ವಿಷಯ ಎಂಬುದನ್ನು ಆ ಯೋಜನೆಯ ಟೀಕಾಕಾರರು ಗಮನಿಸಬೇಕು. ತಿಂಗಳಿಗೊಮ್ಮೆ ಭಾನುವಾರ ಹಳೆಯ ಕೇರಿಯ ಕಡೆಗೆ ಹೋಗಿ ಆ ಆಂಟಿಯನ್ನೂ ಟೈಲರ್‌ ಅಂಕಲ್ಲನ್ನೂ ಕಂಡು ಬನ್ನಿ. ಪಿಯುಸಿ ಪಾಸಾದ ಸುದ್ದಿಯನ್ನು ಫೋನಿನಲ್ಲಿ ಹೇಳದೆ ಅಂಕಪಟ್ಟಿ ಹಿಡಿದುಕೊಂಡೇ ಹೋಗಿ ಹೇಳಿ. ನಿಮ್ಮ ಮೇಲೆ ಒಮ್ಮೆ ಆಸೆ ಇಟ್ಟವರು ನಿಮ್ಮನ್ನು ಮರೆತಿರುವುದಿಲ್ಲ.

ವಿದ್ಯಾರ್ಥಿವೇತನದ ಹಣ ಬಾರದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ. ಒಂದು, ಬ್ಯಾಂಕ್‌ ಖಾತೆಗೆ ಆಧಾರ್‌ ಸೀಡಿಂಗ್‌ ಆಗಿರುವುದಿಲ್ಲ. ಖಾತೆಯಿರುವ ಬ್ಯಾಂಕಿನ ಶಾಖೆಗೆ ಹೋಗಿ ನೇರ ನಗದು ವರ್ಗಾವಣೆಗೆ ಆಧಾರ್‌ ಜೋಡಿಸಿಕೊಡಿ ಎಂದು ಬರೆದುಕೊಟ್ಟರೆ ಮಾಡುತ್ತಾರೆ. ಇನ್ನೊಂದು, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ಲಿನಲ್ಲಿ ತುಂಬಿದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಅಥವಾ ಹೆಸರಿನ ಕಾಗುಣಿತ ಹೊಂದಿಕೆಯಾಗಿರುವುದಿಲ್ಲ, ಇಲ್ಲವೇ ಪ್ರಮಾಣಪತ್ರದ ಅವಧಿ ಮುಗಿದಿರುತ್ತದೆ. ಹೊಸದನ್ನು ನಾಡಕಚೇರಿಯಲ್ಲಿ ಪಡೆಯಬಹುದು. ನಿಮ್ಮ ಅರ್ಜಿ ಎಲ್ಲಿ ನಿಂತಿದೆ ಎಂಬುದನ್ನು ಪೋರ್ಟಲ್ಲಿನಲ್ಲಿಯೇ ನೋಡಬಹುದು, ಕಾಲೇಜಿನ ಕಚೇರಿಯಲ್ಲಿಯೂ ಕೇಳಬಹುದು. ಪದವಿ ಕಾಲೇಜಿಗೆ ಸೇರಿದ ಮೇಲೆ ಎನ್ನೆಸ್ಸೆಸ್‌ ಘಟಕಕ್ಕೆ ಹೆಸರು ಕೊಡಿ. ಅಲ್ಲಿನ ಅಧಿಕಾರಿಯಾಗಿರುವ ಉಪನ್ಯಾಸಕರು ಶಿಬಿರ, ಶ್ರಮದಾನಗಳಲ್ಲಿ ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಬಲ್ಲವರಾಗಿರುತ್ತಾರೆ. ನೂರು ಜನರ ತರಗತಿಯಲ್ಲಿ ಆ ಪರಿಚಯ ಸುಲಭವಾಗಿ ಸಿಗುವುದಿಲ್ಲ.

ಹವಾಯಿಯ ಕಾವಾಯಿ ಎಂಬ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಗಮನಿಸುತ್ತಾ ಹೋದ ಎಮಿ ವರ್ನರ್‌ ಎಂಬ ಮನೋವಿಜ್ಞಾನಿ ಕಂಡದ್ದನ್ನು ನಿಮಗೆ ಹೇಳಬೇಕು. ಬಡತನ, ಮನೆಯ ಜಗಳ, ತಂದೆ ತಾಯಿಯ ಕಾಯಿಲೆ ಮುಂತಾದ ಹಲವು ಕಷ್ಟಗಳು ಒಟ್ಟಿಗೆ ಎರಗಿದ ಮಕ್ಕಳಲ್ಲಿಯೂ ಸುಮಾರು ಮೂರರಲ್ಲಿ ಒಂದು ಪಾಲು ಮಂದಿ ಗಟ್ಟಿಯಾಗಿ ಬೆಳೆದು ನಿಂತರು. ಅವರ ಬದುಕಿನಲ್ಲಿ ಅಜ್ಜಿಯೋ, ಮೇಷ್ಟ್ರೋ, ನೆರೆಯವರೋ ಯಾರಾದರೊಬ್ಬರು ದೊಡ್ಡವರು ಬಿಡದೆ ಜೊತೆಗಿದ್ದರು. ನಿಮಗೆ ಅಂಥವರು ಇಬ್ಬರು ಈಗಾಗಲೇ ಇದ್ದಾರೆ, ಸ್ವಲ್ಪ ದೂರದಲ್ಲಿದ್ದಾರೆ.

ನಿಮ್ಮ ಹೊಸ ಕಟ್ಟಡದ ಬಗ್ಗೆಯೂ ಒಂದು ಮಾತು. ಅಂತಹ ವಸತಿ ಸಮುಚ್ಚಯಗಳಲ್ಲಿ ಮೆಟ್ಟಿಲು ಕತ್ತಲೆ, ಕೆಳಗೆ ಕೂರಲು ಜಾಗವಿಲ್ಲ, ಬಾಗಿಲ ಮುಂದೆ ಕೆಲಸ ಮಾಡಿಕೊಳ್ಳಲು ಜಗುಲಿಯಿಲ್ಲ. ಮಹಿಳಾ ಸ್ವಸಹಾಯ ಸಂಘವಿದ್ದರೆ ಅದರ ಮೂಲಕ ಮೆಟ್ಟಿಲಿಗೆ ದೀಪ ಹಾಕಿಸುವುದರಿಂದ ಆರಂಭಿಸಬಹುದು. ಬೆಳಕಿದ್ದರೆ ಜನ ನಿಲ್ಲುತ್ತಾರೆ, ನಿಂತರೆ ಮಾತಾಡುತ್ತಾರೆ. ಗ್ರಂಥಾಲಯದ ಶಾಖೆಯೊಂದನ್ನು ಕೇಳಲು ನಿಮಗೆ ಪೂರ್ಣ ಹಕ್ಕಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ 6% ಗ್ರಂಥಾಲಯ ಕರವನ್ನು ನಗರದ ಜನರಿಂದ ಸಂಗ್ರಹಿಸುತ್ತಾರೆ. ಆ ಹಣ ಊರ ಹೊರವಲಯಕ್ಕೂ ಬರಬೇಕು. ಮೊದಲಾಗಿದ್ದರೆ ವಾರ್ಡಿನ ಕಾರ್ಪೊರೇಟರ ಮನೆಗೆ ಹೋಗಿ ಕೇಳಿ ಎನ್ನುತ್ತಿದ್ದೆ. ಬೆಂಗಳೂರಿನ ಚುನಾಯಿತ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆ ಬಾಗಿಲೂ ಇಲ್ಲದಂತಾಯಿತು, ಬಡ ಬಡಾವಣೆಗಳಿಗೆ ಇದರಿಂದ ಆದ ನಷ್ಟ ಉಳ್ಳವರಿಗಿಂತ ಬಹಳ ಹೆಚ್ಚು. ಶಾಸಕರ ಕಚೇರಿಗೆ ಇಪ್ಪತ್ತು ಮನೆಗಳ ಸಹಿಯೊಡನೆ ಅರ್ಜಿ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಪ್ರಶ್ನೆ: ನಾನು ನಿವೃತ್ತ ಎಂಜಿನಿಯರ್‌, ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಮಗನ ಜೊತೆ ಇದ್ದೇನೆ. ಇಲ್ಲಿನ ಸೆಕ್ಯುರಿಟಿಯವರ, ಮನೆಕೆಲಸದವರ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುವ ಆಸೆಯಿದೆ. ಕಾಲ ಸರಿಯಿಲ್ಲ, ಯಾರಾದರೂ ತಪ್ಪು ತಿಳಿದಾರು ಎಂದು ಮನೆಯವರು ಹಿಂಜರಿಯುತ್ತಾರೆ. ಏನು ಮಾಡಲಿ?
ಹೆಸರು ಬೇಡ, ವೈಟ್‌ಫೀಲ್ಡ್‌, ಬೆಂಗಳೂರು

ಉತ್ತರ: ಮಾಡಿ, ಆದರೆ ನಿಮ್ಮ ಫ್ಲ್ಯಾಟಿನಲ್ಲಿ ಬೇಡ. ಕ್ಲಬ್‌ಹೌಸಿನಲ್ಲಿ, ಗಾಜಿನ ಬಾಗಿಲಿನ ಕೋಣೆಯಲ್ಲಿ, ಎಲ್ಲರೂ ಓಡಾಡುವ ಹೊತ್ತಿನಲ್ಲಿ ಮಾಡಿ. ನಿಮ್ಮೊಡನೆ ಇನ್ನೊಬ್ಬ ಹಿರಿಯರು, ಸಾಧ್ಯವಾದರೆ ಮಹಿಳೆಯೊಬ್ಬರು, ಯಾವಾಗಲೂ ಇರಲಿ. ಮಕ್ಕಳ ತಂದೆ ತಾಯಿಯನ್ನು ಮೊದಲು ಕರೆದು ಕೂರಿಸಿ, ಅವರಿಗೂ ಕುರ್ಚಿ ಕೊಟ್ಟು ಮಾತನಾಡಿ. ದಿನ, ಹೊತ್ತು, ಜಾಗ ಅವರಿಗೆ ತಿಳಿದಿರಲಿ. ಯಾವ ಮಗುವಿಗೂ ಒಂಟಿಯಾಗಿ ಫೋನಿನಲ್ಲಿ ಸಂದೇಶ ಕಳಿಸಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಬಂದ ಮೇಲೆ ಈ ಎಚ್ಚರಿಕೆಗಳು ನಿಮ್ಮ ಹೆಸರನ್ನು ಕಾಪಾಡುತ್ತವೆ ಎಂಬುದು ನಿಜ, ಆದರೆ ಅವು ಇರಬೇಕಾದದ್ದು ಮಕ್ಕಳಿಗಾಗಿ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನು ಆ ಕೋಣೆಯ ಗೋಡೆಯ ಮೇಲೆ ಮಕ್ಕಳಿಗೆ ಕಾಣುವಂತೆ ಬರೆಸಿ.

ನಿಮ್ಮ ಆಸೆಯನ್ನು ನಾನು ಇಷ್ಟು ಒತ್ತಿ ಬೆಂಬಲಿಸಲು ಕಾರಣವಿದೆ. ಬಡವರ ಕೇರಿಗಳಲ್ಲಿ ಮಕ್ಕಳನ್ನು ಪ್ರೀತಿಸುವ ದೊಡ್ಡವರಿಗೆ ಕೊರತೆಯಿಲ್ಲ. ಪಾಲಿಟೆಕ್ನಿಕ್ಕಿಗೆ ಅರ್ಜಿ ಹಾಕುವ ದಿನಾಂಕ ಬಲ್ಲವರಿಗೆ, ಅಪ್ರೆಂಟಿಸ್‌ ಕೆಲಸಕ್ಕೆ ಯಾರನ್ನು ಕಾಣಬೇಕೆಂದು ಹೇಳಬಲ್ಲವರಿಗೆ ಕೊರತೆಯಿದೆ. ಅಂಥವರೆಲ್ಲ ನಿಮ್ಮ ಗೇಟಿನ ಒಳಗಿದ್ದಾರೆ. ಅಮೆರಿಕದಲ್ಲಿ ರಾಜ್‌ ಚೆಟ್ಟಿ ಮತ್ತು ಸಂಗಡಿಗರು ಫೇಸ್‌ಬುಕ್ಕಿನ ಏಳು ಕೋಟಿಗೂ ಹೆಚ್ಚು ಬಳಕೆದಾರರ ಸ್ನೇಹಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಡ ಮಕ್ಕಳು ಉಳ್ಳವರೊಡನೆ ಹೆಚ್ಚು ಸ್ನೇಹವಿರುವ ಪ್ರದೇಶಗಳಲ್ಲಿ ಬೆಳೆದರೆ ಮುಂದೆ ಬಡತನದಿಂದ ಮೇಲೇರುವ ಸಾಧ್ಯತೆ ಗಮನಾರ್ಹವಾಗಿ ಹೆಚ್ಚು ಎಂದು ತಿಳಿದುಬಂದಿತು. ನಮ್ಮಲ್ಲಿ ಇಬ್ಬರೂ ದಿನಕ್ಕೆ ನಾಲ್ಕು ಸಲ ಒಂದೇ ಗೇಟಿನಲ್ಲಿ ಹಾದುಹೋಗುತ್ತಾರೆ, ಆದರೆ ಒಬ್ಬರಿಗೆ ಮಾತ್ರ ಸಲಾಂ ಹೊಡೆಯುವ ಕೆಲಸ. ಸಂಘದ ಸಭೆಯಲ್ಲಿ ನಿಮ್ಮ ತರಗತಿಗೆ ಜಾಗ ಕೇಳುವಾಗ ಆ ಮಕ್ಕಳಿಗೆ ಒಳಬರಲು ಹೆಸರಿನ ಪಾಸು ಕೊಡಬೇಕೆಂದೂ, ಮನೆಕೆಲಸದವರು ಬೇರೆ ಲಿಫ್ಟ್‌ ಬಳಸಬೇಕೆಂಬ ನಿಯಮ ನಿಮ್ಮಲ್ಲಿದ್ದರೆ ಅದನ್ನು ತೆಗೆಯಬೇಕೆಂದೂ ಕೇಳಿ. ತಾಯಿಗೆ ಪ್ರವೇಶವಿಲ್ಲದ ಲಿಫ್ಟನ್ನು ದಿನವೂ ನೋಡುವ ಮಗು ನಿಮ್ಮ ಕೋಣೆಯಲ್ಲಿ ಸಂದೇಹ ಬಂದಾಗ ಕೈ ಎತ್ತಿ ಪ್ರಶ್ನೆ ಕೇಳಲು ಬಹಳ ದಿನ ಹಿಡಿಯುತ್ತದೆ. ಮೊದಲ ತಿಂಗಳು ಇಬ್ಬರೋ ಮೂವರೋ ಬಂದರೆ ಸಾಕು. ವಾರಕ್ಕೆ ಎರಡು ಸಂಜೆ, ಹೇಳಿದ ಹೊತ್ತಿಗೆ ತಪ್ಪದೆ ನೀವು ಅಲ್ಲಿರಬೇಕು.